ಉಗ್ರಾಣದ ಹೊರಚಿಲಕ

"ಅಕ್ಕಾ, ತಿಗಣೆ ಕಾಟ ತಡೆಯೋಕಾಗ್ತಿಲ್ಲ. ಮಂಚದಲ್ಲಿ, ಹಾಸಿಗೇಲಿ, ಗೋಡೆ ಗಡಿಯಾರದ ಹಿಂದೆ ಕೂಡ! ನಮ್ಮತ್ತೆ ಮೈಯೆಲ್ಲ ಕೆರ್ಕೊಂಡು ನನ್ನ ಮೇಲೆ ಹಾರಾಡ್ತಾರೆ. ತಿಗಣೆ ನನ್ನ ತೌರುಮನೆ ಪೆಟ್ಟಿಗೇಲಿ ಬಂತಂತೆ."

ಫೋನಿನಲ್ಲಿ ಬಂದ ಈ ದೂರು ಕೇಳಿ, ಗಾಜಿನ ಆಚೆ ಕೂತು ಧ್ವನಿ ನೋಡಿಕೊಳ್ಳುತ್ತಿದ್ದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಗೆದ್ದಲಕ್ಕ ಮೈಕಿನತ್ತ ಬಾಗಿದಳು. ಈ ರೇಡಿಯೋದಲ್ಲಿ ಮೊದಲ ದಿನವೇ ಗೆದ್ದಲಿನ ಬಗ್ಗೆ ಮಾತಾಡಿ ಊರಿಗೆಲ್ಲ ಗೆದ್ದಲಕ್ಕ ಆದವಳು. ಇಲಿ, ಜಿರಲೆ, ಇರುವೆ ಏನೇ ಬರಲಿ, ಮನೆ ಇದ್ದವರೆಲ್ಲ ಅವಳ ಮಾತನ್ನು ಕಣ್ಣುಮುಚ್ಚಿ ನಂಬುತ್ತಿದ್ದರು.

"ತಿಗಣೆಗೆ ತೌರುಮನೆ, ಅತ್ತೆಮನೆ ಅಂತ ಭೇದ ಇಲ್ಲಮ್ಮ. ಬೆಚ್ಚಗಿನ ರಕ್ತ ಎಲ್ಲಿದ್ಯೋ ಅದೇ ಅದರ ಮನೆ. ಅತ್ತೆಯೋರು ಪಕ್ಕದಲ್ಲೇ ಇದ್ರೆ ಅವರಿಗೂ ಕೇಳಿಸಿ. ಹೊದಿಕೆ, ದಿಂಬಿನ ಚೀಲ ಎಲ್ಲ ಕುದಿಯೋ ನೀರಲ್ಲಿ ಹಾಕಿ ಒಗೀರಿ. ಮಂಚದ ಕೀಲು ಬಿಚ್ಚಿ, ಸಂದಿ ಸಂದಿಗೂ ಬಿಸಿನೀರು ಹುಯ್ಯಿ. ಗೋಡೆ ಬಿರುಕು ಮುಚ್ಚಿ. ಒಂದು ಸಲಕ್ಕೆ ಹೋಗಲ್ಲ, ಮೊಟ್ಟೆ ಒಡೆದು ಮತ್ತೆ ಬರ್ತವೆ. ಮತ್ತೆ ಮಾಡಿ. ಬೇಜಾರು ಮಾಡ್ಕೋಬಾರದು."

"ಅಷ್ಟೆಲ್ಲ ಒದ್ದಾಟ ಯಾಕೆ ಅಂದ್ರಕ್ಕಾ ಅವರು. ಕಾಳಿನ ಗೋದಾಮಿಗೆ ಹಾಕೋ ಗುಳಿಗೆ ಇದೆಯಲ್ಲ, ಅದನ್ನ ಮಂಚದ ಕೆಳಗಿಟ್ಟರೆ ಒಂದೇ ದಿನಕ್ಕೆ ಎಲ್ಲ ಸಾಫು ಅಂದ್ರು."

ಗೆದ್ದಲಕ್ಕನ ಬೆರಳು ಮೇಜಿನ ಅಂಚನ್ನು ಹಿಡಿದುಕೊಂಡಿತು.

"ಯಾರಮ್ಮ ಹಾಗಂದಿದ್ದು?"

"ಹೊಗೆಸಾಹುಕಾರರು, ಹುಳಕ್ಕೆ ಹೊಗೆ ಹಾಕೋ ಅಂಗಡಿಯೋರು. ಸಂಜೆ ಬಂದು ತಗೊಂಡು ಹೋಗಿ ಅಂದಿದಾರೆ."

ಅದೇ ಗುಳಿಗೆ. ಗೆದ್ದಲಕ್ಕನ ತಂಗಿಯನ್ನು ಮಲಗಿದಲ್ಲೇ ನುಂಗಿದ್ದು ಅದೇ. ಎದೆಬಡಿತ ನಿಂತು ಸತ್ತಳು ಅಂತ ಡಾಕ್ಟರು ಬರೆದುಕೊಟ್ಟಿದ್ದ. ಪೊಲೀಸರು ತಲೆ ಅಲ್ಲಾಡಿಸಿ ಕಳಿಸಿದ್ದರು. ಆದರೆ ಆ ಕೋಣೆಯ ಕಿಟಕಿ ಕೆಳಗೆ ಹಲ್ಲಿ ಸತ್ತು ಬಿದ್ದಿತ್ತು, ಗೋಡೆ ಬುಡದಲ್ಲಿ ಇರುವೆಗಳು ಸಾಲಾಗಿ ಸತ್ತಿದ್ದವು. ಪಕ್ಕದ ಅಡುಗೆಮನೆಯಲ್ಲಿ ಜಿರಲೆಗಳು ಮಾತ್ರ ಹಾಯಾಗಿ ಓಡಾಡುತ್ತಿದ್ದವು. ಗೆದ್ದಲಕ್ಕ ಸ್ಟೂಲು ಹಾಕಿ ಅಟ್ಟಕ್ಕೆ ಕೈಯಾಡಿಸಿದಾಗ ಬೆರಳಿಗೆ ಬೂದುಬಣ್ಣದ ಹಿಟ್ಟು ಹತ್ತಿತ್ತು. ಗುಳಿಗೆ ತನ್ನ ವಿಷವನ್ನೆಲ್ಲ ಗಾಳಿಗೆ ಬಿಟ್ಟ ಮೇಲೆ ಉಳಿಸಿಹೋಗುವ ಬೂದಿ ಅದು.

"ಕೇಳಿಸ್ತಿದ್ಯಾ ಅಕ್ಕಾ?"

"ಕೇಳಿಸ್ತಿದೆ. ಆ ಗುಳಿಗೆ ಹೊಸ್ತಿಲು ದಾಟಬಾರದು. ತಿಗಣೆ ಕಾಟಕ್ಕೆ ಮನೆಗೇ ಬೆಂಕಿ ಇಟ್ಟ ಹಾಗೆ ಅದು. ತೇವ ತಾಗಿದ್ರೆ ಸಾಕು, ಅದರ ಹೊಟ್ಟೆಯಿಂದ ಗಾಳಿ ಏಳತ್ತೆ. ತಿಗಣೆಗೂ ನಿಮ್ಮತ್ತೆಗೂ ವ್ಯತ್ಯಾಸ ಗೊತ್ತಾಗಲ್ಲ ಅದಕ್ಕೆ. ಸಂಜೆ ಅಂಗಡಿಗೆ ಹೋಗ್ಬೇಡಿ." ಗೆದ್ದಲಕ್ಕ ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ನಾನೇ ಹೋಗ್ತೀನಿ."

* * *

ಹೊರಗೆ ತಂಗಿ ಗಂಡ ಕಾರಿನಲ್ಲಿ ಕಾದಿದ್ದ. ಹೆಂಡತಿ ಹೋದಂದಿನಿಂದ ಅವನ ಕೆನ್ನೆ ಒಳಗೆ ಹೋಗಿತ್ತು. ಗಡ್ಡ ಬೋಳಿಸುವುದನ್ನೇ ಬಿಟ್ಟಿದ್ದ. ಆದರೂ ಗೆದ್ದಲಕ್ಕ ಎಲ್ಲಿಗೆ ಹೊರಟರೂ ಕಾರು ತಂದು ನಿಲ್ಲಿಸುತ್ತಿದ್ದ.

"ರೇಡಿಯೋದಲ್ಲಿ ಕೇಳಿದೆ ಅತ್ತಿಗೆ. ಅವನೇ ಅಲ್ವಾ?"

"ಅವನೇ. ಇನ್ನೂ ಮನೆಗಳಿಗೆ ಕೊಡ್ತಿದಾನೆ ನೋಡು. ಒಂದು ಹೆಣ ಬಿದ್ರೂ ಬುದ್ಧಿ ಬಂದಿಲ್ಲ."

ಕಾರಿನ ಹಿಂದಿನ ಸೀಟಿನ ತುಂಬ ಎಣ್ಣೆ ಬಾಟಲಿಗಳ ರಟ್ಟಿನ ಪೆಟ್ಟಿಗೆಗಳು. ನಿಂಬೆಹುಲ್ಲಿನ ಘಮ ಮೂಗಿಗೆ ಅಡರುತ್ತಿತ್ತು. ಗೆದ್ದಲು ಓಡಿಸುವ ಎಣ್ಣೆ ಎಂದು ಅವನು ಮಾಡಿ ಮಾರುತ್ತಿದ್ದದ್ದು. ಅದು ಕೆಲಸ ಮಾಡುತ್ತದಾ ಎಂದು ಕೇಳುಗರೊಬ್ಬರು ಹಿಂದೊಮ್ಮೆ ರೇಡಿಯೋಗೆ ಫೋನ್ ಮಾಡಿದ್ದರು. ಗೆದ್ದಲಕ್ಕ ಒಂದು ಮರದ ತುಂಡಿಗೆ ಎಣ್ಣೆ ಸವರಿ, ಇನ್ನೊಂದನ್ನು ಹಾಗೇ ಬಿಟ್ಟು ಹುತ್ತದ ಪಕ್ಕ ಇಟ್ಟು ನೋಡಿದ್ದಳು. ಗೆದ್ದಲು ಎರಡನ್ನೂ ತಿಂದು ಮುಗಿಸಿತ್ತು. ಮಾರನೇ ವಾರ ಅದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಎಣ್ಣೆ ಮಾಡುವವನು ಸ್ವಂತ ತಂಗಿಯ ಗಂಡ ಎಂದು ಮುಲಾಜು ನೋಡಲಿಲ್ಲ.

ಅಂದು ತಂಗಿ ಫೋನಿನಲ್ಲಿ ಅತ್ತಿದ್ದಳು. ಆಮೇಲೆ ತಾನೇ ಬಂದು, "ನೀನು ಸುಳ್ಳು ಹೇಳಿದ್ರೆ ನನಗೆ ಇನ್ನೂ ನಾಚಿಕೆ ಆಗ್ತಿತ್ತು ಕಣೇ ಅಕ್ಕ" ಎಂದು ಮಡಿಲಲ್ಲಿ ತಲೆ ಇಟ್ಟಿದ್ದಳು. ಇವನು ನಕ್ಕುಬಿಟ್ಟಿದ್ದ. "ನಿಮ್ಮ ಬಾಯಿಗೆ ಬೀಗ ಹಾಕೋರು ಯಾರು ಅತ್ತಿಗೆ?" ಎಂದಿದ್ದ. ಎಷ್ಟು ದೊಡ್ಡ ಮನಸ್ಸು ಎಂದುಕೊಂಡಿದ್ದಳು ಗೆದ್ದಲಕ್ಕ.

ಹೊಗೆಸಾಹುಕಾರ ಹಾಗೆ ನಕ್ಕಿರಲಿಲ್ಲ. ಅವನ ಹೊಗೆ ಕೆಲಸ ಅರ್ಧಂಬರ್ಧ ಎಂದು ರೇಡಿಯೋದಲ್ಲಿ ಬಂದ ಮೇಲೆ ಸ್ಟೇಷನ್ ಬಾಗಿಲಿಗೇ ಬಂದು, ಹತ್ತು ಜನರ ಎದುರು ಕೂಗಿದ್ದ: "ನಿನಗೂ ಒಂದಿನ ಹೊಗೆ ಹಾಕ್ತೀನಿ, ನೋಡ್ತಿರು!"

ತಾನು ಸತ್ತ ಆ ಹಾಸಿಗೆಯನ್ನು ತಂಗಿ ಹಾಸಿದ್ದು ಗೆದ್ದಲಕ್ಕನಿಗೆ. ಗೆದ್ದಲಕ್ಕನ ಮನೆಗೆ ಬಣ್ಣ ಬಳಿಯುತ್ತಿದ್ದರಿಂದ ಆ ರಾತ್ರಿ ಅವಳು ತಂಗಿ ಮನೆಯಲ್ಲಿ ಮಲಗುವುದೆಂದಾಗಿತ್ತು. ಸ್ಟೇಷನ್ನಿನಲ್ಲಿ ಕೆಲಸ ಎಳೆದು, "ಬರಲ್ಲ ಕಣೇ, ಕಾಯಬೇಡ" ಎಂದು ಫೋನ್ ಮಾಡಿದಳು. ಗಂಡ ಎಣ್ಣೆ ಮಾರಲು ಪರ ಊರಿಗೆ ಹೋಗಿದ್ದ. ಒಬ್ಬಳೇ ಇದ್ದ ತಂಗಿ, ಒಗೆದ ಹಾಸಿಗೆ ಸುಮ್ಮನೆ ಬಿಡುವುದೇಕೆಂದು ಅಕ್ಕನ ಕೋಣೆಯಲ್ಲೇ ಮಲಗಿದಳು. ಅದಕ್ಕೂ ಮುಂಚೆ ಯಾರೋ ಇಲಿ ನೋಡಲು ಮನೆಗೆ ಬಂದು ಅಟ್ಟ ಹತ್ತಿದ್ದರಂತೆ. ತಂಗಿ ಹಾಗಂದಿದ್ದಳು ಎಂದು ಇವನೇ ನೆನಪಿಸಿಕೊಂಡು ಹೇಳಿದ್ದ.

ನನಗೆ ತೋಡಿದ ಗುಂಡಿಗೆ ನನ್ನ ಕೂಸು ಬಿತ್ತಲ್ಲ, ಎಂದು ಗೆದ್ದಲಕ್ಕನ ಹೊಟ್ಟೆ ಉರಿಯಿತು. ಹಗಲೂ ಅದೇ ಉರಿ, ಅನ್ನ ಮುಂದಿಟ್ಟುಕೊಂಡರೂ ಅದೇ ಉರಿ. ಅದು ಆರುವ ದಾರಿ ಒಂದೇ ಇತ್ತು.

"ನಾನು ಅವನನ್ನ ಅಂಗಡಿ ಹಿಂದಿನ ಉಗ್ರಾಣದ ಒಳಗೆ ಕರ್ಕೊಂಡು ಹೋಗ್ತೀನಿ. ನೀನು ಹಿತ್ತಲ ಗೇಟಿಂದ ಬಂದು ಹೊರಗಿಂದ ಚಿಲಕ ಹಾಕು. ಫ್ಯಾನಿನ ಸ್ವಿಚ್ಚೂ ಹೊರಗೇ ಇದೆ, ಹಿಂದೊಮ್ಮೆ ನೋಡಿದ್ದೆ. ನಾನು ಹೇಳೋ ತನಕ ಯಾವುದನ್ನೂ ಮುಟ್ಟಬೇಡ."

"ಅತ್ತಿಗೆ, ನೀವೂ ಒಳಗೇ ಇರ್ತೀರಲ್ಲ..."

"ಬರೀ ಹೆದರಿಸೋದು. ಅವನ ಬಾಯಿಂದ ನಿಜ ಕೇಳ್ಬೇಕು ನಂಗೆ. ಆಮೇಲೆ ಪೊಲೀಸಿನೋರು ಏನ್ ಬೇಕಾದ್ರೂ ಮಾಡ್ಕೊಳ್ಳಲಿ."

ಅವನು ಗೇರು ಬದಲಿಸಿದ. "ಆಯ್ತು ಅತ್ತಿಗೆ. ನೀವು ಹೇಗೆ ಹೇಳ್ತೀರೋ ಹಾಗೆ."

* * *

ಹೊಗೆಸಾಹುಕಾರ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದೇ ಬಂದ. ಹೊಟ್ಟೆ ಮುಂದೆ, ತಾನು ಹಿಂದೆ. ಅತ್ತರು ಹಚ್ಚಿದ ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದ.

"ಏನು ಅಕ್ಕಾವ್ರು ನಮ್ಮ ಗುಡಿಸಲಿಗೆ? ರೇಡಿಯೋದಲ್ಲಿ ಬೈದಿದ್ದು ಸಾಲದು ಅಂತ ಎದುರಿಗೇ ಬಯ್ಯೋಕೆ ಬಂದ್ರಾ?"

"ನೋಡೋಕೆ ಬಂದೆ. ಉಗ್ರಾಣ ಕ್ರಮವಾಗಿದ್ರೆ ಕ್ರಮವಾಗಿದೆ ಅಂತ್ಲೂ ನಾಳೆ ಹೇಳ್ತೀನಿ. ನಾನು ಯಾರ ಪರವೂ ಅಲ್ಲ."

ಅವನ ಮುಖ ಅರಳಿತು. ಅವಳ ಬಾಯಿಂದ ಒಂದು ಒಳ್ಳೆ ಮಾತು ಬಂದರೆ ಎಷ್ಟು ಮನೆಗಳ ಬಾಗಿಲು ಮತ್ತೆ ತೆರೆಯುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಯ ಹಿಂದೆ ಕರೆದೊಯ್ದು, ಕಬ್ಬಿಣದ ಬಾಗಿಲ ಪಕ್ಕದ ಸ್ವಿಚ್ಚು ಒತ್ತಿದ.

"ಫ್ಯಾನ್ ತಿರುಗದೆ ನಾನು ಒಳಗೆ ಕಾಲಿಡಲ್ಲ ಅಕ್ಕಾವ್ರೆ. ಇದನ್ನೂ ಹೇಳಿ ರೇಡಿಯೋದಲ್ಲಿ."

ಉಗ್ರಾಣಕ್ಕೆ ಕಿಟಕಿ ಇರಲಿಲ್ಲ. ಇದ್ದದ್ದನ್ನು ಇಟ್ಟಿಗೆಯಿಂದ ಮುಚ್ಚಿದ್ದರು. ಮೇಲೆ ಎಕ್ಸಾಸ್ಟ್ ಫ್ಯಾನು ಗರಗರ ಎನ್ನುತ್ತಿತ್ತು. ಸಿಂಪಡಿಸುವ ಡಬ್ಬಗಳು, ರಬ್ಬರಿನ ಕೊಳವೆಗಳು, ಮುಖಕ್ಕೆ ಹಾಕುವ ಮುಸುಕುಗಳು ಮೊಳೆಗೆ ನೇತಾಡುತ್ತಿದ್ದವು. ಗುಳಿಗೆಯ ಪೆಟ್ಟಿಗೆಗಳು ಮಾತ್ರ ನೆಲದ ಮೇಲೆ, ಬಾಗಿಲ ಪಕ್ಕದಲ್ಲೇ. ಒಂದು ಪೆಟ್ಟಿಗೆಯ ಮೂಲೆ ಹರಿದು, ಮುಚ್ಚಳ ಸಡಿಲಾದ ಡಬ್ಬಗಳು ಕಾಣುತ್ತಿದ್ದವು.

"ಇವು ನೆಲದ ಮೇಲೆ ಯಾಕೆ?"

"ನಿನ್ನೆ ಬಂದಿರೋ ಮಾಲು. ಎತ್ತಿಡಿಸ್ತೀನಿ ಬಿಡಿ."

ಬಾಗಿಲು ಮುಚ್ಚಿಕೊಂಡಿತು. ಹೊರಗಿನಿಂದ ಚಿಲಕ ಕೂತ ಸದ್ದು ಕೇಳಿಸಿತು.

ಹೊಗೆಸಾಹುಕಾರ ತಿರುಗಿ ನೋಡಿ, ಮತ್ತೆ ಅವಳನ್ನು ನೋಡಿದ. ಗೆದ್ದಲಕ್ಕ ಕೈಚೀಲದಿಂದ ಒದ್ದೆ ಬಟ್ಟೆಯ ಗಂಟೊಂದನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಬೆಳ್ಳುಳ್ಳಿ ಕೊಳೆತಂಥ ವಾಸನೆ ಎದ್ದಿತು.

ಗುಳಿಗೆಯ ವಿಷಗಾಳಿಗೆ ಇರುವ ಆ ವಾಸನೆಯನ್ನು ಅವನಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಕರವಸ್ತ್ರ ಮೂಗಿಗೆ ಹೋಯಿತು.

"ಏನ್ರೀ ಇದು? ತಲೆ ಕೆಟ್ಟಿದ್ಯಾ ನಿಮಗೆ?"

"ಸದ್ಯಕ್ಕೆ ಫ್ಯಾನು ತಿರುಗ್ತಿದೆ. ಹೊರಗೆ ನಮ್ಮೋರಿದ್ದಾರೆ. ನಾನು ಹೂಂ ಅಂದ್ರೆ ಫ್ಯಾನು ನಿಲ್ಲತ್ತೆ. ನನ್ನ ತಂಗಿ ಕೊನೇಗೆ ಎಂಥ ಗಾಳಿ ಕುಡಿದ್ಲೋ ಅದನ್ನ ನಾವಿಬ್ರೂ ಕುಡಿಯೋಣ. ನನಗೇನೂ ಅವಸರ ಇಲ್ಲ."

"ನಿಮ್ಮ ತಂಗಿ? ಅವರು ಎದೆ ನಿಂತು ಹೋದ್ರು ಅಂತ ಕೇಳಿದ್ದೆ..."

"ಎದೆ ಎಲ್ಲರದೂ ನಿಲ್ಲತ್ತೆ ಸಾಹುಕಾರ್ರೆ. ಯಾಕೆ ನಿಲ್ತು ಅನ್ನೋದು ಪ್ರಶ್ನೆ. ಅಟ್ಟದ ಮೇಲೆ ನಿಮ್ಮ ಗುಳಿಗೆ ಬೂದಿ ಇತ್ತು. ಹತ್ತು ಜನರ ಎದುರಿಗೆ ಹೊಗೆ ಹಾಕ್ತೀನಿ ಅಂದಿದ್ದು ನೀವು. ಇಲಿ ನೆಪದಲ್ಲಿ ನಿಮ್ಮ ಆಳು ಮನೆ ಹೊಕ್ಕ. ಇನ್ನೇನು ಬೇಕು?"

"ಅಯ್ಯೋ, ಬಾಯಿಗೆ ಬಂದಿದ್ದು ಅಂದೆ! ಬೊಗಳೋ ನಾಯಿ ಕಚ್ಚತ್ತಾ?" ಅವನು ಬಾಗಿಲಿಗೆ ಓಡಿ ಭುಜ ಕೊಟ್ಟ. ಕಬ್ಬಿಣ ಅಲುಗಲಿಲ್ಲ. "ನಿಮ್ಮ ತಂಗಿ ಮನೆ ಯಾವ ಬೀದೀಲಿದೆ ಅಂತ್ಲೂ ಗೊತ್ತಿಲ್ಲ ನಂಗೆ! ನನ್ನ ಆಳುಗಳು ಯಾರೂ ಹೋಗಿಲ್ಲ!"

"ಗುಳಿಗೆ ಕಾಲು ಬಂದು ನಡ್ಕೊಂಡು ಹೋಯ್ತಾ?"

"ನನಗೇನ್ ಗೊತ್ತು? ಉಸಿರು ಕಟ್ತಿದೆ, ಅಕ್ಕಾ, ಬಾಗಿಲು ತೆಗೆಸಿ!"

ಗೆದ್ದಲಕ್ಕ ಗಂಟನ್ನು ಅವನತ್ತ ಇನ್ನಷ್ಟು ತಳ್ಳಿದಳು. ಅವನು ಹೆದರಿ ಗೋಡೆಗೆ ಅಂಟಿಕೊಂಡಿದ್ದನ್ನು ಕಂಡು ಎದೆಯೊಳಗೆ ಏನೋ ತಣ್ಣಗಾದಂತಾಯಿತು. ಇನ್ನೂ ಬೇಕು ಅನ್ನಿಸಿತು. ನಿಜವಾದ ಗುಳಿಗೆಯನ್ನೇ ತಂದಿದ್ದರೆ ಚೆನ್ನಾಗಿತ್ತೇನೋ ಎಂದು ಒಂದು ಕ್ಷಣ ಅನ್ನಿಸಿ, ತನ್ನ ಬಗ್ಗೆಯೇ ದಿಗಿಲಾಯಿತು.

"ಗೋದಾಮಿನೋರಿಗೆ ಬಿಟ್ಟು ಬೇರೆ ಯಾರಿಗೆ ಕೊಟ್ರಿ? ಬಾಯಿ ಬಿಡಿ."

"ಯಾರಿಗೂ ಇಲ್ಲ..."

"ಇವತ್ತು ಸಂಜೆ ತಿಗಣೆ ಮನೆಗೆ ಕೊಡೋಕೆ ಹೊರಟಿದ್ರಲ್ಲ, ಅದು?"

ಕುಂಬಳಕಾಯಿ ಕಳ್ಳನ ಹಾಗೆ ಅವನ ಕೈ ತಾನಾಗಿ ಹೆಗಲಿಗೆ ಹೋಯಿತು.

"ಕೊಟ್ಟಿದೀನಿ. ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ. ಪರಿಚಯದೋರು ಕೇಳಿದ್ರೆ ಇಲ್ಲ ಅನ್ನೋಕಾಗತ್ತಾ? ಆದ್ರೆ ಜನ ಮಲಗೋ ಕಡೆ ಇಡ್ಬೇಡಿ ಅಂತ ಬಾಯಿ ನೋಯೋ ಹಾಗೆ ಹೇಳಿದೀನಿ. ಅವರಿಗೂ ಹೇಳ್ದೆ!"

"ಯಾರಿಗೆ?"

"ಅದೇ, ಅಟ್ಟ ಅಂದ್ರಲ್ಲ ನೀವು. ಅಟ್ಟದ ಮೇಲೆ ಇಟ್ರೆ ನಡೆಯತ್ತಾ ಅಂತ ಕೇಳಿದ್ದು ಅವರೊಬ್ಬರೇ. ಅತ್ತಿಗೆ ಬಂದು ಉಳ್ಕೋತಾರೆ, ಅವರು ಮಲಗೋ ಕೋಣೇಲಿ ಇಲಿ ಕಾಟ, ಅವರು ಬರೋದ್ರೊಳಗೆ ಸಾಫು ಮಾಡ್ಬೇಕು ಅಂದ್ರು. ನಮ್ಮ ಕಸುಬಿನೋರೇ ಅಲ್ವಾ, ಇವರಿಗೆ ನಾನೇನು ಪಾಠ ಹೇಳ್ಲಿ ಅಂತ ಕೊಟ್ಟೆ."

ಗೆದ್ದಲಕ್ಕನಿಗೆ ಫ್ಯಾನಿನ ಸದ್ದು ಇದ್ದಕ್ಕಿದ್ದಂತೆ ದೂರದಿಂದ ಬರುತ್ತಿದೆ ಅನ್ನಿಸಿತು.

"ಕಸುಬಿನೋರು ಅಂದ್ರೆ?"

"ಎಣ್ಣೆಯೋರು ಅಕ್ಕಾ. ಗೆದ್ದಲು ಎಣ್ಣೆ ಮಾಡ್ತಾರಲ್ಲ, ಮೈಯೆಲ್ಲ ನಿಂಬೆಹುಲ್ಲಿನ ವಾಸನೆ. ನೀವು ರೇಡಿಯೋದಲ್ಲಿ ಮರದ ತುಂಡು ಇಟ್ಟು ಮಾನ ಕಳೆದ್ರಲ್ಲ, ಅವರೇ. ಅವರ ಅತ್ತಿಗೆ ಯಾರು, ಮನೆ ಎಲ್ಲಿ, ನನಗೊಂದೂ ಗೊತ್ತಿಲ್ಲ. ಸತ್ಯವಾಗ್ಲೂ!"

ಆ ಅತ್ತಿಗೆ ಎದುರಿಗೇ ನಿಂತಿದ್ದಾಳೆಂದು ಅವನಿಗೆ ಹೊಳೆಯಲೇ ಇಲ್ಲ.

ಗೆದ್ದಲಕ್ಕ ಬಾಗಿಲತ್ತ ನೋಡಿದಳು. ಇಲಿ ನೋಡಲು ಯಾರೋ ಬಂದಿದ್ದರೆಂದು ತಂಗಿ ಹೇಳಿದ್ದನ್ನು ಕೇಳಿದವನು ತಂಗಿ ಗಂಡ ಒಬ್ಬನೇ. ಪರ ಊರಿಗೆ ಹೋಗಿದ್ದೆ ಎಂದು ಹೇಳಿದವನೂ ಅವನೇ. ಹೊಗೆಸಾಹುಕಾರನ ಹೆಸರನ್ನು ಮೊದಲು ಎತ್ತಿದವನೂ ಅವನೇ. ಅವಳು ಬರುವುದಿಲ್ಲವೆಂದು ಫೋನ್ ಮಾಡಿದ್ದು ತಂಗಿಗೆ ಮಾತ್ರ ಗೊತ್ತಿತ್ತು.

ಮನೆ ಮನೆಯ ಹುಳ ಹುಡುಕಿಕೊಡುವ ಅವಳು ಇಷ್ಟು ದಿನ ಆ ಹುಳದ ಪಕ್ಕದ ಸೀಟಿನಲ್ಲೇ ಕೂತು ತಿರುಗಿದ್ದಳು.

"ಅಕ್ಕಾ, ಹೇಳಿದ್ನಲ್ಲ ಎಲ್ಲಾನೂ. ಆ ಗಂಟು ಎಸೀರಿ, ನಿಮ್ಮ ದಮ್ಮಯ್ಯ!"

"ಅದರಲ್ಲಿರೋದು ಸೀಮೆಸುಣ್ಣ, ಜಜ್ಜಿದ ಬೆಳ್ಳುಳ್ಳಿ." ಅವಳ ದನಿ ಅವಳಿಗೇ ಗುರುತು ಸಿಗದಂತಿತ್ತು. "ಸದ್ದು ಮಾಡ್ಬೇಡಿ. ಹೊರಗಿರೋನು ಅವನೇ."

ಹೊಗೆಸಾಹುಕಾರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತ.

ಗೆದ್ದಲಕ್ಕ ಬಾಗಿಲ ಹತ್ತಿರ ಹೋಗಿ, ಎಂದಿನ ದನಿ ತಂದುಕೊಂಡು ಕರೆದಳು. "ಆಯ್ತಪ್ಪ, ಒಪ್ಕೊಂಡ. ತೆಗಿ ಬಾಗಿಲು."

ಚಿಲಕ ಅಲುಗಲಿಲ್ಲ.

"ಕೇಳಿಸ್ತಾ? ತೆಗಿ."

"ಎಲ್ಲಾ ಕೇಳಿಸ್ತು ಅತ್ತಿಗೆ." ಅವನು ಬಾಗಿಲಿಗೆ ಬಾಯಿ ಹಚ್ಚಿ ಮಾತಾಡುತ್ತಿದ್ದ. "ಈ ಬಾಗಿಲ ಸಂದೀಲಿ ಚೆನ್ನಾಗಿ ಕೇಳಿಸತ್ತೆ. ಚಿಲಕ ಹಾಕೋವಾಗ ನೆಲದ ಮೇಲಿರೋ ಪೆಟ್ಟಿಗೆಗಳೂ ಕಂಡ್ವು."

ಇನ್ನು ನಟಿಸಿ ಉಪಯೋಗವಿರಲಿಲ್ಲ. ಅವಳು ಎರಡೂ ಕೈಯಲ್ಲಿ ಬಾಗಿಲು ಗುದ್ದಿದಳು. "ಪಾಪಿ! ನಿನ್ನ ಕೈ ಹಿಡಿದೋಳನ್ನ ತಿಂದ್ಯಲ್ಲೋ! ತೆಗಿ! ನಿನ್ನ ಕತ್ತು ಹಿಸುಕಿಬಿಡ್ತೀನಿ, ತೆಗಿ!"

"ಹಾಗೇ ಬಡಿದ್ಲು ಅವಳೂ."

ಗೆದ್ದಲಕ್ಕನ ಕೈ ನಿಂತಿತು.

"ನಾನು ಊರಿಗೆ ಹೋಗಿರ್ಲಿಲ್ಲ ಅತ್ತಿಗೆ. ಹೊರಟ ಹಾಗೆ ಮಾಡಿ, ಅಟ್ಟದ ಮೇಲೆ ಗುಳಿಗೆ ಇಟ್ಟಿದ್ದೆ. ಕತ್ತಲಾದ ಮೇಲೆ ಹಿಂದಿನ ಬಾಗಿಲಿಂದ ಒಳಗೆ ಬಂದು, ಆ ಕೋಣೆಗೆ ಹೊರಗಿಂದ ಚಿಲಕ ಹಾಕಿದ್ದೆ. ಆಮೇಲೆ ಒಳಗಿಂದ ಬಡಿಯೋ ಸದ್ದು ಬಂತು. ಕೂಗ್ಲಿಲ್ಲ. ಕೂಗೋಕೆ ಉಸಿರೇ ಇರ್ಲಿಲ್ಲ ಅನ್ಸತ್ತೆ. ಬರೀ ಬಡೀತಾ ಇದ್ಲು." ಅವನು ಅಳುತ್ತಿದ್ದ. ಆ ಅಳುವಿನಲ್ಲಿ ಸುಳ್ಳಿರಲಿಲ್ಲ. "ಆ ಕಡೆ ಇರೋದು ನೀವು ಅಂದ್ಕೊಂಡೆ. ಸದ್ದು ನಿಲ್ಲೋ ತನಕ ಚಿಲಕ ಹಿಡ್ಕೊಂಡೇ ನಿಂತಿದ್ದೆ. ಬೆಳಕು ಹರಿದ ಮೇಲೆ ತೆಗೆದು ನೋಡಿದ್ರೆ..."

ಅವನು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ನೀವು ಒಂದು ಫೋನು ನನಗೂ ಮಾಡಿದ್ದಿದ್ರೆ ಅವಳು ಬದುಕಿರ್ತಿದ್ಲು. ನನ್ನ ಕಸುಬು ತಿಂದ್ರಿ, ನನ್ನ ಹೆಂಡ್ತೀನೂ ತಿಂದ್ರಿ. ನಿಮ್ಮ ಜೊತೆ ಅವನೂ ಒಳಗಿದ್ದದ್ದು ಒಳ್ಳೇದೇ ಆಯ್ತು. ಗೆದ್ದಲಕ್ಕ ಹೊಗೆಸಾಹುಕಾರನ ಮೇಲೆ ಸೇಡು ತೀರಿಸ್ಕೊಳ್ಳೋಕೆ ಹೋಗಿ ತಾನೂ ಸತ್ಲು ಅಂತಾರೆ ಜನ. ಬೆಳಿಗ್ಗೆ ರೇಡಿಯೋದಲ್ಲಿ ನೀವೇ ಹೇಳಿದ್ರಲ್ಲ, ನಾನೇ ಹೋಗ್ತೀನಿ ಅಂತ."

ಮೇಲೆ ಫ್ಯಾನಿನ ಗರಗರ ತಗ್ಗಿತು. ರೆಕ್ಕೆಗಳು ಒಂದೊಂದಾಗಿ ಕಣ್ಣಿಗೆ ಕಾಣುವಷ್ಟು ನಿಧಾನವಾಗಿ, ನಿಂತವು.

"ಬಡೀರಿ ಅತ್ತಿಗೆ. ಈ ಸಲ ಆ ಕಡೆ ಇರೋದು ನೀವೇ ಅಂತ ನನಗೆ ಗೊತ್ತಾಗ್ಲಿ."

ಹೊರಗೆ ಯಾವುದೋ ನಲ್ಲಿ ತಿರುಗಿತು. ರಬ್ಬರಿನ ಕೊಳವೆ ನೆಲದ ಮೇಲೆ ಎಳೆದ ಸದ್ದು ಬಾಗಿಲವರೆಗೂ ಬಂತು. ಹೊಗೆಸಾಹುಕಾರ ಚೀರುತ್ತ ಎದ್ದು, "ಪೆಟ್ಟಿಗೆ! ಅಕ್ಕಾ, ಆ ಹರಿದಿರೋ ಪೆಟ್ಟಿಗೆ!" ಎಂದು ನುಗ್ಗಿದ.

ಅಷ್ಟರಲ್ಲಿ ಕಬ್ಬಿಣದ ಬಾಗಿಲ ಕೆಳಗಿನಿಂದ ನೀರು ತಣ್ಣಗೆ ಒಳಗೆ ಹರಿದು, ಗೆದ್ದಲಕ್ಕನ ಪಾದ ದಾಟಿ, ರಟ್ಟಿನ ಅಂಚನ್ನು ಮುಟ್ಟಿತ್ತು.